ಫಿಜಿ ದ್ವೀಪದ ಹನ್ನೆರಡು ತಿಂಗಳು



ಈ ಸಲದ ಭೂಗೋಳದ ಅಂಕಣಕ್ಕೆ ನಾನು ಫಿಜಿ ದೇಶದ ಹವಾಮಾನವನ್ನು ಆರಿಸಿಕೊಂಡಿದ್ದೇನೆ. ಇದನ್ನು ಎರಡೇ ಸಾಲಿನಲ್ಲಿ ಹೇಳಿ ಮುಗಿಸಬಹುದು. ನವೆಂಬರಿನಿಂದ ಏಪ್ರಿಲ್‌ವರೆಗೆ ಸೆಕೆ ಮತ್ತು ಮಳೆ, ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ತಂಪು ಮತ್ತು ಒಣಹವೆ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಎರಡು ಅಂಕ ಬರುತ್ತೆ. ಆದರೆ ಅಲ್ಲಿ ಕಬ್ಬು ಬೆಳೆಯುವ ರೈತನಿಗೆ ಈ ಎರಡು ಸಾಲು ಸಾಕಾ? ಯಾವ ತಿಂಗಳು ಕಬ್ಬು ಕಡಿಯಬೇಕು, ಯಾವ ತಿಂಗಳು ಮನೆಯ ತಗಡು ಬಿಗಿ ಮಾಡಿಕೊಳ್ಳಬೇಕು, ಯಾವ ತಿಂಗಳು ಗೆಣಸು ಅಗೆಯಬೇಕು ಎಂದು ತಿಳಿಯದಿದ್ದರೆ ಅವನ ಬದುಕೇ ಕೆಡುತ್ತೆ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ನಿಧಾನವಾಗಿ ಓದಿ.

ಫಿಜಿ ಎಲ್ಲಿದೆ?

ಶಾಲೆಯ ಗೋಳವನ್ನು ಕೈಯಲ್ಲಿ ತಗೊಳ್ಳಿ. ಆಸ್ಟ್ರೇಲಿಯಾ ಖಂಡದ ಬಲಗಡೆ ಪೆಸಿಫಿಕ್ ಸಾಗರದಲ್ಲಿ ಬೆರಳು ಸರಿಸುತ್ತಾ ಹೋಗಿ. ನ್ಯೂಜಿಲೆಂಡಿನ ಮೇಲ್ಗಡೆ, ಸಮಭಾಜಕ ವೃತ್ತದಿಂದ ದಕ್ಷಿಣಕ್ಕೆ ಸುಮಾರು 18 ಡಿಗ್ರಿಯಲ್ಲಿ ಕೆಲವು ಚುಕ್ಕಿಗಳು ಕಾಣುತ್ತವೆ. ಅದೇ ಫಿಜಿ. ಅಲ್ಲಿ 300ಕ್ಕೂ ಹೆಚ್ಚು ದ್ವೀಪಗಳಿವೆ. ಸುಮಾರು ಮೂರರಲ್ಲಿ ಒಂದು ಭಾಗದ ದ್ವೀಪಗಳಲ್ಲಿ ಮಾತ್ರ ಜನ ಇದ್ದಾರೆ. ಎಲ್ಲಕ್ಕಿಂತ ದೊಡ್ಡದು ವಿಟಿ ಲೆವು. ಫಿಜಿ ಭಾಷೆಯಲ್ಲಿ ‘ಲೆವು’ ಅಂದರೆ ದೊಡ್ಡದು. ಎರಡನೆಯದು ವನುವಾ ಲೆವು. 180 ಡಿಗ್ರಿ ರೇಖಾಂಶ ಈ ದೇಶದ ತವೆಯುನಿ ಎಂಬ ದ್ವೀಪದ ಮೇಲೇ ಹಾದುಹೋಗುತ್ತದೆ. ಅವರ ಗಡಿಯಾರ ನಮಗಿಂತ ಆರೂವರೆ ಗಂಟೆ ಮುಂದೆ. ನಾವು ಬೆಳಗ್ಗೆ 10 ಗಂಟೆಗೆ ಪ್ರಾರ್ಥನೆಗೆ ನಿಂತಾಗ ಅಲ್ಲಿ ಸಂಜೆ ನಾಲ್ಕೂವರೆ, ಮಕ್ಕಳು ಶಾಲೆ ಬಿಟ್ಟು ಮನೆ ಸೇರಿರುತ್ತಾರೆ.

ಈ ಲೇಖನದಲ್ಲಿ ಎರಡು ಊರಿನ ಹೆಸರು ಮತ್ತೆ ಮತ್ತೆ ಬರುತ್ತೆ, ನೆನಪಿಟ್ಟುಕೊಳ್ಳಿ. ಎರಡೂ ವಿಟಿ ಲೆವು ದ್ವೀಪದಲ್ಲೇ ಇವೆ. ಒಂದು ಸುವಾ. ಇದು ರಾಜಧಾನಿ, ದ್ವೀಪದ ಆಗ್ನೇಯ ದಂಡೆಯಲ್ಲಿದೆ. ಇನ್ನೊಂದು ಪಶ್ಚಿಮ ದಂಡೆಯ ನಾಂದಿ. ದೊಡ್ಡ ವಿಮಾನ ನಿಲ್ದಾಣ ಇರುವುದು ಇಲ್ಲಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದನ್ನು ನೋಡಿ ‘ನಾಡಿ’ ಅಂತ ಓದಬೇಡಿ. ಅವರ ಭಾಷೆಯಲ್ಲಿ ಆ ಅಕ್ಷರವನ್ನು ಮೂಗಿನಿಂದ ಎಳೆದು ‘ಂದ’ ಎಂದು ಹೇಳುತ್ತಾರೆ.

ನಮಗೆ ಚಳಿ, ಅವರಿಗೆ ಸೆಕೆ

ಫಿಜಿ ಇರುವುದು ದಕ್ಷಿಣ ಗೋಳಾರ್ಧದಲ್ಲಿ. ಆದ್ದರಿಂದ ಅಲ್ಲಿ ಎಲ್ಲವೂ ತಿರುಗು ಮುರುಗು. ಜನವರಿಯಲ್ಲಿ ನಾವು ಬೆಳಗ್ಗೆ ಕಂಬಳಿ ಹೊದ್ದು ಕೂತಿದ್ದರೆ ಅಲ್ಲಿ ಬೆವರು ಸುರಿಯುತ್ತಿರುತ್ತದೆ. ನವೆಂಬರ್ ನಡುವಿನಲ್ಲಿ ಒಮ್ಮೆ, ಜನವರಿ ಕೊನೆಯಲ್ಲಿ ಇನ್ನೊಮ್ಮೆ ಸೂರ್ಯ ಸುವಾದ ನೆತ್ತಿಯ ಮೇಲೆ ಬರುತ್ತಾನೆ. ಆ ದಿನ ನಡು ಮಧ್ಯಾಹ್ನ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ.

ಹಾಗಾದರೆ ಜನವರಿಗೂ ಜುಲೈಗೂ ತುಂಬಾ ವ್ಯತ್ಯಾಸ ಇರಬೇಕಲ್ಲ? ಇಲ್ಲ. ಸುವಾದಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಹಗಲಿನ ಉಷ್ಣತೆ ಸುಮಾರು 30ರಿಂದ 31 ಡಿಗ್ರಿ ಸೆಲ್ಸಿಯಸ್, ರಾತ್ರಿ 23ರಿಂದ 24. ಜುಲೈ ಆಗಸ್ಟ್‌ನಲ್ಲಿ ಹಗಲು ಸುಮಾರು 26, ರಾತ್ರಿ ಸುಮಾರು 20. ಅಂದರೆ ಅತಿ ಸೆಕೆಯ ತಿಂಗಳಿಗೂ ಅತಿ ತಂಪಿನ ತಿಂಗಳಿಗೂ ನಾಲ್ಕೈದು ಡಿಗ್ರಿ ಅಷ್ಟೇ ಅಂತರ. ಕಾರಣ ಸಮುದ್ರ. ನೀರು ಬೇಗ ಕಾಯುವುದಿಲ್ಲ, ಬೇಗ ಆರುವುದೂ ಇಲ್ಲ. ನೀರು ತುಂಬಿದ ಹಂಡೆ ಒಲೆ ಆರಿಸಿದ ಮೇಲೂ ಬಹಳ ಹೊತ್ತು ಬಿಸಿ ಇರುತ್ತದಲ್ಲ, ಹಾಗೆ. ಸುತ್ತಲೂ ಇಷ್ಟು ದೊಡ್ಡ ಹಂಡೆ ಇರುವಾಗ ನಡುವಿನ ಸಣ್ಣ ನೆಲ ಅದರ ಮಾತು ಕೇಳಲೇಬೇಕು.

ಆದ್ದರಿಂದ ಫಿಜಿಯ ತಿಂಗಳುಗಳನ್ನು ಸೆಕೆ ಚಳಿಯಿಂದ ಅಳೆಯುವುದಕ್ಕಿಂತ ಮಳೆ ಗಾಳಿಯಿಂದ ಅಳೆಯುವುದೇ ಸರಿ.

ಗಾಳಿ ಎಲ್ಲಿಂದ, ಮಳೆ ಎಲ್ಲಿಗೆ?

ಸುಮಾರು 30 ಡಿಗ್ರಿ ದಕ್ಷಿಣ ಅಕ್ಷಾಂಶದ ಕಡೆ ಗಾಳಿಯ ಒತ್ತಡ ಹೆಚ್ಚು. ಸಮಭಾಜಕ ವೃತ್ತದ ಕಡೆ ಒತ್ತಡ ಕಡಿಮೆ. ಗಾಳಿ ಹೆಚ್ಚು ಒತ್ತಡದ ಕಡೆಯಿಂದ ಕಡಿಮೆ ಒತ್ತಡದ ಕಡೆಗೆ ಹೊರಡುತ್ತದೆ. ಭೂಮಿ ತಿರುಗುತ್ತಿರುವುದರಿಂದ ದಕ್ಷಿಣ ಗೋಳಾರ್ಧದಲ್ಲಿ ಅದು ತನ್ನ ದಾರಿಯ ಎಡಕ್ಕೆ ವಾಲುತ್ತದೆ. ಹೀಗೆ ಆಗ್ನೇಯ ದಿಕ್ಕಿನಿಂದ ಬೀಸುವ ಗಾಳಿಗೆ ವಾಣಿಜ್ಯ ಮಾರುತ ಎಂದು ಹೆಸರು. ನಾವು ಏಳನೇ ತರಗತಿಯಿಂದ ಬಾಯಿಪಾಠ ಮಾಡಿದ ಹೆಸರು ಇದೇ.

ಈ ಗಾಳಿ ಸಾವಿರಾರು ಕಿಲೋಮೀಟರ್ ಸಮುದ್ರದ ಮೇಲೆ ಬಂದು, ಒದ್ದೆಯಾಗಿ ವಿಟಿ ಲೆವು ದ್ವೀಪಕ್ಕೆ ತಾಗುತ್ತದೆ. ದ್ವೀಪದ ನಡುವೆ ಬೆಟ್ಟಗಳಿವೆ. ಅವುಗಳಲ್ಲಿ ಎತ್ತರದ್ದು ತೋಮಾನಿವಿ, 1,324 ಮೀಟರ್. ಗಾಳಿ ಬೆಟ್ಟ ಹತ್ತುವಾಗ ತಣ್ಣಗಾಗಿ ಮಳೆ ಸುರಿಸುತ್ತದೆ. ಈ ಮಳೆ ಬೀಳುವುದು ಸುವಾ ಇರುವ ಕಡೆ. ಬೆಟ್ಟ ದಾಟಿ ಇಳಿಯುವ ಹೊತ್ತಿಗೆ ಗಾಳಿಯಲ್ಲಿ ಹಸಿ ಉಳಿದಿರುವುದಿಲ್ಲ. ಆ ಕಡೆ ನಾಂದಿ ಇದೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಆಗುಂಬೆ ನೆನೆದು ತೊಪ್ಪೆಯಾಗುವಾಗ ಘಟ್ಟದ ಪೂರ್ವದ ಬಯಲು ಮೋಡ ನೋಡುತ್ತಾ ಕೂತಿರುವುದಕ್ಕೂ ಇದೇ ಕಾರಣ. ಇದಕ್ಕೆ ಮಳೆನೆರಳು ಎನ್ನುತ್ತಾರೆ. ನಮ್ಮಲ್ಲಿ ಗಾಳಿ ನೈಋತ್ಯದಿಂದ ಬಂದರೆ ಅವರಲ್ಲಿ ಆಗ್ನೇಯದಿಂದ, ಅಷ್ಟೇ ವ್ಯತ್ಯಾಸ.

ಇದು ಒಣಗಾಲದ ಮಾತು. ನವೆಂಬರ್ ಬಂತೆಂದರೆ ಇನ್ನೊಂದು ಸಂಗತಿ ನಡೆಯುತ್ತದೆ. ಸಾಲೋಮನ್ ದ್ವೀಪಗಳಿಂದ ಆಗ್ನೇಯಕ್ಕೆ, ಫಿಜಿ ಸಮೋವಾಗಳ ಕಡೆಗೆ ಆಕಾಶದಲ್ಲಿ ಉದ್ದನೆಯ ಮೋಡದ ಪಟ್ಟಿಯೊಂದು ಹಾಸಿರುತ್ತದೆ. ಎರಡು ಕಡೆಯ ಗಾಳಿಗಳು ಅಲ್ಲಿ ಎದುರುಬದುರಾಗಿ ಕೂಡಿ ಮೇಲೇರುತ್ತವೆ. ಇದನ್ನು ದಕ್ಷಿಣ ಪೆಸಿಫಿಕ್ ಸಂಗಮ ವಲಯ ಎಂದು ಕರೆಯುತ್ತಾರೆ. ಸೆಕೆಗಾಲದಲ್ಲಿ ಈ ಪಟ್ಟಿ ಫಿಜಿಯ ಹತ್ತಿರವೇ ಇರುತ್ತದೆ. ಆಗ ಮಳೆ ಬೆಟ್ಟದ ಆಚೆ ಈಚೆ ಎಂದು ನೋಡುವುದಿಲ್ಲ, ಎರಡೂ ಕಡೆ ಹೊಡೆಯುತ್ತದೆ.

ಈಗ ಈ ಅಂಕಿಗಳನ್ನು ನೋಡಿ. ಮಳೆಯ ಸರಾಸರಿ ಇದು, ಹತ್ತಿರದ ಅಂಕಿಗೆ ಸರಿಮಾಡಿ ಬರೆದಿದ್ದೇನೆ.

ಮಾರ್ಚ್: ಸುವಾ ಸುಮಾರು 370 ಮಿ.ಮೀ., ನಾಂದಿ 300 ಮಿ.ಮೀ.ಗೂ ಹೆಚ್ಚು.
ಜುಲೈ: ಸುವಾ ಸುಮಾರು 140 ಮಿ.ಮೀ., ನಾಂದಿ ಸುಮಾರು 50 ಮಿ.ಮೀ.
ಇಡೀ ವರ್ಷ: ಸುವಾ ಸುಮಾರು 3,000 ಮಿ.ಮೀ., ನಾಂದಿ ಸುಮಾರು 1,800 ಮಿ.ಮೀ.

ಮಾರ್ಚ್‌ನಲ್ಲಿ ಎರಡೂ ಊರು ಹೆಚ್ಚುಕಡಿಮೆ ಒಂದೇ. ಜುಲೈನಲ್ಲಿ ಸುವಾಕ್ಕೆ ಮೂರು ಪಾಲು ಬಿದ್ದರೆ ನಾಂದಿಗೆ ಒಂದು ಪಾಲು. ಗಾಳಿ ಒಂದೇ ಕಡೆಯಿಂದ ಬೀಸುವಾಗ ಮಾತ್ರ ಬೆಟ್ಟದ ನೆರಳು ಕೆಲಸ ಮಾಡುತ್ತದೆ ಎಂಬುದು ಇದರಿಂದ ಗೊತ್ತಾಗುತ್ತೆ. ಹಾಗಾಗಿ “ಫಿಜಿಯಲ್ಲಿ ಜುಲೈನಲ್ಲಿ ಮಳೆ ಎಷ್ಟು?” ಎಂದು ಯಾರಾದರೂ ಕೇಳಿದರೆ, “ಬೆಟ್ಟದ ಯಾವ ಕಡೆ?” ಎಂದು ನಾವು ತಿರುಗಿ ಕೇಳಬೇಕು.

ಊರಿನವರ ಪಂಚಾಂಗ

ನಮ್ಮ ಹಿರಿಯರು ಮಳೆಯನ್ನು ರೋಹಿಣಿ, ಮೃಗಶಿರ, ಆರಿದ್ರ ಎಂದು ನಕ್ಷತ್ರದ ಹೆಸರಿನಿಂದ ಕರೆಯುತ್ತಾರೆ. ಫಿಜಿಯ ಮೂಲನಿವಾಸಿಗಳಿಗೂ ಅವರದೇ ತಿಂಗಳ ಹೆಸರುಗಳಿವೆ. ‘ವುಲ’ ಅಂದರೆ ಚಂದ್ರ, ತಿಂಗಳು ಎಂದೂ ಅರ್ಥ. ಕನ್ನಡದಲ್ಲೂ ‘ತಿಂಗಳು’ ಎಂಬ ಮಾತಿಗೆ ಎರಡೂ ಅರ್ಥ ಇದೆಯಲ್ಲ! ಅವರ ತಿಂಗಳಿಗೆ ಹೆಸರು ಬಂದಿರುವುದು ಆ ತಿಂಗಳು ಮಾಡುವ ಕೆಲಸದಿಂದ, ಸಿಗುವ ಆಹಾರದಿಂದ.

ಜೂನ್ ಸುಮಾರಿಗೆ ಬರುವುದು ‘ವುಲ ಇ ವೆರೆವೆರೆ’. ಕಳೆ ಗಿಡ ಕಡಿದು ಹೊಲ ಹಸನು ಮಾಡುವ ತಿಂಗಳು. ಜುಲೈ ಸುಮಾರಿಗೆ ‘ವುಲ ಇ ದುಕಿದುಕಿ’, ನೆಲ ಅಗೆದು ಗೆಣಸು ನೆಡಲು ಸಿದ್ಧ ಮಾಡುವ ತಿಂಗಳು. ಈ ಗೆಣಸು ಬಳ್ಳಿಯಲ್ಲಿ ಬೆಳೆಯುವ ದೊಡ್ಡ ಜಾತಿಯದು, ನಮ್ಮ ಹೆಗ್ಗೆಣಸಿನ ಹಾಗೆ. ಅಕ್ಟೋಬರ್ ‘ಬಲೋಲೋ ಲೈಲೈ’, ನವೆಂಬರ್ ‘ಬಲೋಲೋ ಲೆವು’. ಬಲೋಲೋ ಎಂಬುದು ಹವಳದ ಬಂಡೆಗಳಲ್ಲಿ ಇರುವ ಒಂದು ಹುಳು. ಈ ಎರಡು ತಿಂಗಳಲ್ಲಿ, ಹುಣ್ಣಿಮೆ ಕಳೆದು ಒಂದು ವಾರದ ಸುಮಾರಿಗೆ, ನಸುಕಿನ ಹೊತ್ತಿನಲ್ಲಿ ಅದು ರಾಶಿ ರಾಶಿಯಾಗಿ ನೀರಿನ ಮೇಲೆ ಬರುತ್ತದೆ. ಜನ ದೋಣಿಯಲ್ಲಿ ಹೋಗಿ ಬಲೆಯಲ್ಲಿ ತುಂಬಿಕೊಂಡು ಬಂದು ಅಡಿಗೆ ಮಾಡುತ್ತಾರೆ. ಅಕ್ಟೋಬರಿನಲ್ಲಿ ಕಡಿಮೆ, ಅದಕ್ಕೆ ‘ಲೈಲೈ’ ಅಂದರೆ ಚಿಕ್ಕದು. ನವೆಂಬರಿನಲ್ಲಿ ಹೆಚ್ಚು, ಅದಕ್ಕೆ ‘ಲೆವು’. ಫೆಬ್ರವರಿ ‘ವುಲ ಇ ಸೆವು’, ಮೊದಲ ಗೆಣಸನ್ನು ಹಿರಿಯರಿಗೆ ಒಪ್ಪಿಸುವ ತಿಂಗಳು. ಮಾರ್ಚ್ ‘ವುಲ ಇ ಕೆಲಿಕೆಲಿ’, ಗೆಣಸು ಅಗೆದು ತೆಗೆಯುವ ತಿಂಗಳು.

ಒಣಗಾಲದಲ್ಲಿ ನೆಟ್ಟಿದ್ದು ಮಳೆಗಾಲದಲ್ಲಿ ಬೆಳೆದು, ಮಳೆ ಮುಗಿಯುವ ಮುಂಚೆ ಮನೆ ಸೇರಬೇಕು. ಮಳೆಮಾಪಕ ಇಲ್ಲದ ಕಾಲದಲ್ಲೇ ಅವರು ಹನ್ನೆರಡು ತಿಂಗಳನ್ನು ಇಷ್ಟು ಸರಿಯಾಗಿ ಗುರುತು ಹಾಕಿಕೊಂಡಿದ್ದರು.

ಕಬ್ಬು ಮತ್ತು ಗಿರ್ಮಿಟ್

ಗಿರ್ಮಿಟ್ ಅಂದ ತಕ್ಷಣ ಬಾಯಲ್ಲಿ ನೀರು ಬರಬಹುದು. ಇದು ಹುಬ್ಬಳ್ಳಿ ಕಡೆಯ ಚುರುಮುರಿ ಗಿರ್ಮಿಟ್ ಅಲ್ಲ. ಇಂಗ್ಲಿಷಿನ ‘ಅಗ್ರಿಮೆಂಟ್’ ಎಂಬ ಮಾತು ಕೂಲಿಗಳ ಬಾಯಲ್ಲಿ ‘ಗಿರ್ಮಿಟ್’ ಆಯಿತು. ಬ್ರಿಟಿಷರು ಫಿಜಿಯಲ್ಲಿ ಕಬ್ಬು ಬೆಳೆಯಲು ನಮ್ಮ ದೇಶದಿಂದ ಜನರನ್ನು ಕರಾರು ಬರೆಸಿಕೊಂಡು ಸಾಗಿಸಿದರು. ಮೊದಲ ಹಡಗು ‘ಲಿಯೋನಿದಾಸ್’ ಕಲ್ಕತ್ತೆಯಿಂದ ಹೊರಟು 1879ರ ಮೇ 14ರಂದು ಅಲ್ಲಿ ಮುಟ್ಟಿತು. 1903ರಿಂದ ಮದ್ರಾಸಿನಿಂದಲೂ ಹಡಗು ಹೋದವು. 1916ರವರೆಗೆ 60 ಸಾವಿರಕ್ಕೂ ಹೆಚ್ಚು ಜನ ಹೋದರು. ಹೆಚ್ಚಿನವರು ತಿರುಗಿ ಬರಲಿಲ್ಲ.

ಆ ಜನರಿಗೆ ಹೊಸ ನೆಲ ಮಾತ್ರ ಅಲ್ಲ, ಹೊಸ ತಿಂಗಳುಗಳೂ ಎದುರಾದವು. ಉತ್ತರ ಭಾರತದಲ್ಲಿ ದೀಪಾವಳಿ ಅಂದರೆ ಮಳೆ ಹೋಗಿ ಚಳಿ ಬರುವ ಹೊತ್ತು. ಫಿಜಿಯಲ್ಲಿ ಅದೇ ದೀಪಾವಳಿ ತಂಪು ಮುಗಿದು ಸೆಕೆ ಮಳೆ ಶುರುವಾಗುವ ಹೊತ್ತು. ಹಬ್ಬ ಅದೇ, ಆಕಾಶ ಬೇರೆ. ಇವತ್ತಿಗೂ ಅಲ್ಲಿ ದೀಪಾವಳಿಗೆ ಸರ್ಕಾರಿ ರಜೆ ಇದೆ.

ಕಬ್ಬಿಗೂ ತಿಂಗಳಿಗೂ ಇರುವ ಸಂಬಂಧ ಕೇಳಿ. ಕಬ್ಬು ಬೆಳೆಯಲು ನೀರು, ಸೆಕೆ ಎರಡೂ ಬೇಕು. ಆದರೆ ಬೆಳೆದ ಮೇಲೆ ಅದಕ್ಕೆ ಒಣಹವೆ ಮತ್ತು ತಂಪು ಬೇಕು. ಆಗ ಬೆಳವಣಿಗೆ ನಿಧಾನವಾಗಿ ಜಲ್ಲೆಯಲ್ಲಿ ಸಕ್ಕರೆ ಕೂಡುತ್ತದೆ. ಬಿಡದೆ ಮಳೆ ಹೊಡೆದರೆ ಜಲ್ಲೆ ಉದ್ದ ಆಗುತ್ತೆ, ರಸ ಮಾತ್ರ ಸಪ್ಪೆ. ಫಿಜಿಯಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗಿನ ಮಳೆ ಕಬ್ಬನ್ನು ಬೆಳೆಸುತ್ತದೆ. ಮೇ ನಂತರದ ಒಣಹವೆ ಅದನ್ನು ಸಿಹಿ ಮಾಡುತ್ತದೆ. ಜೂನ್‌ನಿಂದ ನವೆಂಬರ್ ಸುಮಾರಿನವರೆಗೆ ಕಡಿದು ಅರೆಯುತ್ತಾರೆ. ಮಳೆ ಶುರುವಾದ ಮೇಲೆ ಉಳಿದ ಕಬ್ಬು ಕಡಿಯುವುದು ಕಷ್ಟ. ಲಾರಿ ಹೊಲದಲ್ಲಿ ಹೂತುಕೊಳ್ಳುತ್ತದೆ.

ಇಲ್ಲಿ ಬೆಟ್ಟದ ಎರಡು ಕಡೆಯ ಮಾತು ಮತ್ತೆ ಬರುತ್ತದೆ. ಸುವಾದ ಹತ್ತಿರ ನೌಸೋರಿ ಎಂಬಲ್ಲಿ 1880ರ ದಶಕದ ಆರಂಭದಲ್ಲೇ ಸಕ್ಕರೆ ಕಾರ್ಖಾನೆ ಕಟ್ಟಿದ್ದರು. ಅದು ಮಳೆ ಸುರಿಯುವ ಕಡೆ. ಒಣಗಾಲದಲ್ಲೂ ಅಲ್ಲಿ ಮಳೆ ನಿಲ್ಲದು, ಕಬ್ಬಿಗೆ ಸಿಹಿ ಸಾಲದು. 1959ರಲ್ಲಿ ಆ ಕಾರ್ಖಾನೆ ಮುಚ್ಚಿತು. ಪಶ್ಚಿಮದ ಲೌಟೋಕಾದಲ್ಲಿ 1903ರಲ್ಲಿ ಶುರುವಾದ ಕಾರ್ಖಾನೆಯಿಂದ ಆ ಊರಿಗೆ ಸಕ್ಕರೆ ನಗರ ಎಂಬ ಹೆಸರೇ ಬಂತು. ಅಂದರೆ ಯಾವ ಊರಿನಲ್ಲಿ ಜನರಿಗೆ ಕಬ್ಬಿನ ಕೆಲಸ ಇರಬೇಕು, ಯಾವ ಊರಿನಲ್ಲಿ ಇರಬಾರದು ಎಂಬುದನ್ನು ಜುಲೈ ತಿಂಗಳ ಮಳೆ ತೀರ್ಮಾನ ಮಾಡಿತು.

ಚಂಡಮಾರುತದ ತಿಂಗಳುಗಳು

ನವೆಂಬರಿನಿಂದ ಏಪ್ರಿಲ್‌ವರೆಗಿನ ಮಳೆಗಾಲವೇ ಚಂಡಮಾರುತದ ಕಾಲವೂ ಹೌದು. ಸಮುದ್ರದ ಮೇಲ್ನೀರು ಸುಮಾರು 26.5 ಡಿಗ್ರಿಗಿಂತ ಬಿಸಿಯಾದಾಗ ಚಂಡಮಾರುತಕ್ಕೆ ಬೇಕಾದ ಶಕ್ತಿ ಸಿಗುತ್ತದೆ. ಬಂಗಾಳ ಕೊಲ್ಲಿಯ ಚಂಡಮಾರುತ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಫಿಜಿಯದು ನಾವು ಗುಡಿಯಲ್ಲಿ ಪ್ರದಕ್ಷಿಣೆ ಹಾಕುವ ಹಾಗೆ, ಮುಳ್ಳಿನ ದಿಕ್ಕಿನಲ್ಲೇ ಸುತ್ತುತ್ತದೆ. ನಾಂದಿಯಲ್ಲಿರುವ ಹವಾಮಾನ ಕೇಂದ್ರ ದಕ್ಷಿಣ ಪೆಸಿಫಿಕ್‌ನ ಹಲವು ದ್ವೀಪಗಳಿಗೆ ಮುನ್ಸೂಚನೆ ಕೊಡುತ್ತದೆ.

2016ರ ಫೆಬ್ರವರಿಯಲ್ಲಿ ವಿನ್‌ಸ್ಟನ್ ಎಂಬ ಚಂಡಮಾರುತ ಎದ್ದಿತು. ಅದು ಮೊದಲು ಪೂರ್ವಕ್ಕೆ ಟೋಂಗಾ ದ್ವೀಪಗಳ ಕಡೆ ಹೋಯಿತು. ಆಮೇಲೆ ಹಿಂದಕ್ಕೆ ತಿರುಗಿ ಪಶ್ಚಿಮಕ್ಕೆ ಬಂದು ಫೆಬ್ರವರಿ 20ರಂದು ಫಿಜಿಗೆ ಹೊಡೆಯಿತು. ಅದು ಐದನೇ ದರ್ಜೆಯ, ಅಂದರೆ ಅತ್ಯಂತ ಜೋರಿನ ಚಂಡಮಾರುತ. ದಕ್ಷಿಣ ಗೋಳಾರ್ಧದಲ್ಲಿ ನೆಲಕ್ಕೆ ಅಪ್ಪಳಿಸಿದ ಚಂಡಮಾರುತಗಳಲ್ಲಿ ಅಳತೆಗೆ ಸಿಕ್ಕಿದ ಅತಿ ಬಲವಾದದ್ದು ಅದೇ. 44 ಜನ ತೀರಿಕೊಂಡರು. ಕೋರೋ ದ್ವೀಪದಲ್ಲಿ ಊರಿಗೆ ಊರೇ ನೆಲಸಮವಾದವು. ರಾಕಿರಾಕಿಯ ಪೆನಾಂಗ್ ಸಕ್ಕರೆ ಕಾರ್ಖಾನೆ ಆ ಪೆಟ್ಟಿನ ಮೇಲೆ ಮತ್ತೆ ಕಬ್ಬು ಅರೆಯಲಿಲ್ಲ. ವಿನ್‌ಸ್ಟನ್ ಎಂಬ ಹೆಸರನ್ನೇ ಪಟ್ಟಿಯಿಂದ ತೆಗೆದರು, ಇನ್ನು ಯಾವ ಚಂಡಮಾರುತಕ್ಕೂ ಅದನ್ನು ಇಡುವುದಿಲ್ಲ.

ನಮ್ಮಂಥ ಮಕ್ಕಳಿಗೆ ಸಂಬಂಧಪಟ್ಟ ಒಂದು ಮಾತು. ಅಲ್ಲಿ ಚಂಡಮಾರುತ ಬಂದಾಗ ಜನ ಓಡಿ ಬಂದು ಸೇರುವುದು ಹೆಚ್ಚಾಗಿ ಶಾಲೆಗೇ. ಆ ವರ್ಷ ಎಷ್ಟೋ ಶಾಲೆಗಳ ತಗಡೇ ಹಾರಿಹೋಯಿತು. ಮಕ್ಕಳು ಡೇರೆಗಳಲ್ಲಿ ಕೂತು ಪಾಠ ಕೇಳಿದರು. ಒಂದು ಶಾಲೆಯ ಗೋಡೆ ಗಟ್ಟಿ ಇದೆಯೋ ಇಲ್ಲವೋ ಎಂಬುದು ಅಲ್ಲಿ ಪ್ರಾಣದ ಪ್ರಶ್ನೆ.

ಸರಾಸರಿ ಎಂಬ ಲೆಕ್ಕ

ಈಗ ಈ ಲೇಖನದ ಮುಖ್ಯ ಮಾತಿಗೆ ಬರುತ್ತೇನೆ. ನಾಂದಿಯಲ್ಲಿ ಜುಲೈ ಸರಾಸರಿ ಸುಮಾರು 50 ಮಿ.ಮೀ. ಎಂದು ಮೇಲೆ ಬರೆದೆ. ಹಾಗಂತ ಪ್ರತಿ ಜುಲೈನಲ್ಲೂ 50 ಮಿ.ಮೀ. ಬೀಳುತ್ತಾ? ಒಂದು ಲೆಕ್ಕ ಮಾಡೋಣ. ಇದು ಅಭ್ಯಾಸಕ್ಕೆ ನಾನೇ ಮಾಡಿಕೊಂಡ ಲೆಕ್ಕ, ನಿಜವಾದ ಅಳತೆಯಲ್ಲ. ಐದು ವರ್ಷದ ಜುಲೈ ಮಳೆ 10, 20, 40, 60, 120 ಮಿ.ಮೀ. ಎಂದು ಇಟ್ಟುಕೊಳ್ಳಿ. ಕೂಡಿದರೆ 250. ಐದರಿಂದ ಭಾಗಿಸಿದರೆ 50. ಸರಾಸರಿ 50 ಬಂತು. ಆದರೆ ಐದು ವರ್ಷದಲ್ಲಿ ಒಂದು ವರ್ಷವಾದರೂ 50 ಬಿದ್ದಿದೆಯಾ? ಇಲ್ಲ! 10 ಬಿದ್ದ ವರ್ಷ ಬಾವಿ ಬತ್ತಿರುತ್ತದೆ, 120 ಬಿದ್ದ ವರ್ಷ ಕಬ್ಬು ಕಡಿಯಲು ಆಗಿರುವುದಿಲ್ಲ.

ನಿಜವಾಗಿ ನಡೆದದ್ದೂ ಇದೆ. ಪೆಸಿಫಿಕ್‌ನಲ್ಲಿ ವಾಣಿಜ್ಯ ಮಾರುತ ಮೇಲಿನ ಬಿಸಿ ನೀರನ್ನು ಪಶ್ಚಿಮಕ್ಕೆ ತಳ್ಳುತ್ತಾ ಇರುತ್ತದೆ. ಕೆಲವು ವರ್ಷ ಗಾಳಿ ಸಡಿಲವಾಗಿ ಬಿಸಿ ನೀರು ನಡು ಪೆಸಿಫಿಕ್ ಕಡೆಗೂ ಪೂರ್ವಕ್ಕೂ ಸರಿಯುತ್ತದೆ. ಇದೇ ಎಲ್ ನಿನೊ. ಆಗ ನಾನು ಹೇಳಿದ ಮೋಡದ ಪಟ್ಟಿಯೂ ಫಿಜಿಯನ್ನು ಬಿಟ್ಟು ಈಶಾನ್ಯಕ್ಕೆ ಸರಿಯುತ್ತದೆ. 1997–98ರಲ್ಲಿ ಬಲವಾದ ಎಲ್ ನಿನೊ ಬಂದು ಫಿಜಿಯಲ್ಲಿ ಭಾರಿ ಬರಗಾಲವಾಯಿತು, ಕಬ್ಬು ಒಣಗಿತು. ತದ್ವಿರುದ್ಧವಾಗಿ 2012ರ ಜನವರಿಯಲ್ಲೂ ಮಾರ್ಚ್‌ನಲ್ಲೂ ನಾಂದಿ ಕಡೆ ನೆರೆ ಬಂದು ಪೇಟೆಗೆ ನೀರು ನುಗ್ಗಿತು. ಬರದ ವರ್ಷವೂ ನೆರೆಯ ವರ್ಷವೂ ಕೂಡಿಯೇ ಆ ಸರಾಸರಿ ಅಂಕಿ ಹುಟ್ಟಿದೆ.

ಎಲ್ ನಿನೊ ನಮ್ಮ ಮುಂಗಾರಿಗೂ ತೊಂದರೆ ಕೊಡುವುದುಂಟು. ಆದರೆ ಪ್ರತಿ ಸಲವೂ ಅಲ್ಲ. ಅದೇ 1997ರಲ್ಲಿ ಭಾರತದ ಮುಂಗಾರು ಒಟ್ಟಾರೆ ವಾಡಿಕೆಯಷ್ಟೇ ಇತ್ತು. ಒಂದೇ ಕಾರಣಕ್ಕೆ ಎಲ್ಲಾ ಕಡೆ, ಎಲ್ಲಾ ಸಲ ಒಂದೇ ಫಲ ಬರುವುದಿಲ್ಲ.

ಇನ್ನೊಂದು ವಿಷಯ. ಈಗ ಸಮುದ್ರದ ಮಟ್ಟವೂ ಏರುತ್ತಿದೆ. ವನುವಾ ಲೆವು ದ್ವೀಪದ ವುನಿಂದೊಂಗೊಲೋವಾ ಎಂಬ ಹಳ್ಳಿಗೆ ಸಮುದ್ರದ ನೀರು ಮತ್ತೆ ಮತ್ತೆ ನುಗ್ಗಿ, 2014ರಲ್ಲಿ ಇಡೀ ಹಳ್ಳಿಯನ್ನು ದಂಡೆಯಿಂದ ಒಳಗೆ, ಎತ್ತರದ ಜಾಗಕ್ಕೆ ಸ್ಥಳಾಂತರ ಮಾಡಿದರು. ಹಳೆಯ ಸರಾಸರಿಗಳನ್ನು ನಂಬಿ ಕಟ್ಟಿದ ಊರು ಅದು.

ಹಾಗಾದರೆ ಸರಾಸರಿ ಬೇಡವೇ? ಬೇಕು. ಅದು ಇಲ್ಲದಿದ್ದರೆ ಯಾವಾಗ ನೆಡಬೇಕು, ಯಾವಾಗ ಕಡಿಯಬೇಕು ಎಂದು ಗೊತ್ತಾಗುವುದೇ ಇಲ್ಲ. ಆದರೆ ಅದು ದಾರಿ ತೋರಿಸುವ ಕಲ್ಲು, ಅಷ್ಟೇ. ದಾರಿಯಲ್ಲಿ ಹಳ್ಳ ತುಂಬಿದೆಯೋ ಇಲ್ಲವೋ ಎಂದು ಆ ಕಲ್ಲು ಹೇಳದು. ಇನ್ನು ಮೇಲೆ ರೇಡಿಯೋದಲ್ಲಿ “ವಾಡಿಕೆ ಮಳೆ” ಎಂಬ ಮಾತು ಕೇಳಿದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಎಷ್ಟು ವರ್ಷದ ಸರಾಸರಿ? ಯಾವ ಜಾಗದ್ದು? ಅತಿ ಕಡಿಮೆ ಬಿದ್ದ ವರ್ಷ ಎಷ್ಟು, ಅತಿ ಹೆಚ್ಚು ಬಿದ್ದ ವರ್ಷ ಎಷ್ಟು? ಈ ಮೂರೂ ಗೊತ್ತಾದರೆ ಮಾತ್ರ ಆ ಅಂಕಿ ರೈತನ ಕೈಗೆ ಉಪಯೋಗಕ್ಕೆ ಬರುತ್ತದೆ.

ನಿಮಗೆ ಕೆಲವು ಪ್ರಶ್ನೆಗಳು

1. ಜುಲೈನಲ್ಲಿ ಸುವಾಕ್ಕೂ ನಾಂದಿಗೂ ಮಳೆಯಲ್ಲಿ ಅಷ್ಟು ವ್ಯತ್ಯಾಸ ಏಕೆ? ಚಿತ್ರ ಬರೆದು ಗಾಳಿಯ ದಿಕ್ಕನ್ನು ಬಾಣದಿಂದ ತೋರಿಸಿ.
2. ಮಾರ್ಚ್‌ನಲ್ಲಿ ಆ ವ್ಯತ್ಯಾಸ ಕಡಿಮೆಯಾಗುವುದು ಏಕೆ?
3. ನೌಸೋರಿಯ ಕಾರ್ಖಾನೆ ಮುಚ್ಚಿ ಲೌಟೋಕಾದ್ದು ಉಳಿದದ್ದು ಏಕೆ?
4. ಸರಾಸರಿ 100 ಬರುವ ಹಾಗೆ, ಆದರೆ ಯಾವ ವರ್ಷವೂ 100 ಇರದ ಹಾಗೆ ನಾಲ್ಕು ವರ್ಷದ ಮಳೆಯ ಅಂಕಿಗಳನ್ನು ನೀವೇ ಮಾಡಿ.

ಉತ್ತರಗಳನ್ನು ಹಾಳೆಯಲ್ಲಿ ಬರೆದು ಪತ್ರಿಕೆಯ ಪೆಟ್ಟಿಗೆಗೆ ಹಾಕಿ. ನಾಲ್ಕನೆಯದಕ್ಕೆ ಯಾರದೂ ಒಂದೇ ಉತ್ತರ ಇರುವುದಿಲ್ಲ. ಆದ್ದರಿಂದ ಪಕ್ಕದವರ ಹಾಳೆ ನೋಡಿ ಬರೆದರೆ ತಕ್ಷಣ ಗೊತ್ತಾಗಿಬಿಡುತ್ತೆ, ಹುಷಾರ್!